ಹಗೇವಿನ ಜೋಳ, ಬುತ್ತಿಯ ರೊಟ್ಟಿ

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಶರಣಾದರು. ಆದರೆ ಕಲಬುರಗಿ ಸೀಮೆಯ ಜನರ ಕಷ್ಟ ಐದೇ ದಿನಗಳದ್ದಾಗಿರಲಿಲ್ಲ. ಅದಕ್ಕೂ ಮುಂಚಿನ ತಿಂಗಳುಗಳಲ್ಲಿ ರಜಾಕಾರರ ಹಾವಳಿಗೆ ಹೆದರಿ ಎಷ್ಟೋ ಕುಟುಂಬಗಳು ಗಡಿ ದಾಟಿ ಸೊಲ್ಲಾಪುರದ ಕಡೆ ಹೋದವು. ಅಂಥ ಹೊತ್ತಿನಲ್ಲಿ ಊರಲ್ಲಿ ಉಳಿದವರು ಏನನ್ನು ನಂಬಬೇಕು? ಊರು ಬಿಟ್ಟವರು ಏನನ್ನು ನಂಬಬೇಕು?

ಉಳಿದವರಿಗೆ ಹಗೇವು. ನೆಲದಲ್ಲಿ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ಚೆನ್ನಾಗಿ ಒಣಗಿದ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಕಾಳು ಜೀವಂತ ವಸ್ತು, ಅದೂ ಉಸಿರಾಡುತ್ತದೆ. ಕಾಳು ಮತ್ತು ಹುಳುಗಳು ಸೇರಿ ಒಳಗಿನ ಆಮ್ಲಜನಕವನ್ನು ಬಳಸುತ್ತವೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳು ಸಾಯುತ್ತದೆ, ಜೋಳ ಉಳಿಯುತ್ತದೆ.

ಹುಳುವನ್ನು ಕೊಲ್ಲುವ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಆದ್ದರಿಂದ ಮುಚ್ಚಳ ತೆಗೆದರೂ ತಳದಲ್ಲೇ ನಿಲ್ಲುತ್ತದೆ. ಹಿರಿಯರು ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಆದರೆ ದೀಪ ಉರಿದರೂ ಪೂರ್ತಿ ನಂಬಬಾರದು. ಗಾಳಿಯಲ್ಲಿ ಈ ಅನಿಲ ಶೇ 10ರಷ್ಟಾದರೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಬಿದ್ದವನನ್ನು ಎತ್ತಲು ಹಾಗೇ ಇಳಿದವನೂ ಬೀಳುತ್ತಾನೆ. ಪಾಳು ಬಾವಿಗೂ ಒಳಚರಂಡಿಯ ಗುಂಡಿಗೂ ಇದೇ ಮಾತು. ಇಳಿಯದೆ 112ಕ್ಕೆ ಕರೆ ಮಾಡುವುದೇ ಜಾಣತನ.

ಊರು ಬಿಟ್ಟವರು ಹಗೇವನ್ನು ಹೊತ್ತೊಯ್ಯಲಾರರು. ಅವರಿಗೆ ಬುತ್ತಿಯೇ ಗತಿ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡದಿರುವುದು ಏಕೆ? ಅದರಲ್ಲಿ ನೀರಿನ ಅಂಶ ತೀರ ಕಡಿಮೆ; ನೀರಿಲ್ಲದೆ ಬೂಷ್ಟಾಗಲಿ ಬ್ಯಾಕ್ಟೀರಿಯಾ ಆಗಲಿ ಬೆಳೆಯುವುದಿಲ್ಲ. ಜೊತೆಗೆ ಶೇಂಗಾ ಹಿಂಡಿ ಇದ್ದರೆ ಪ್ರೋಟೀನು, ಕೊಬ್ಬು ಎರಡೂ ಸಿಕ್ಕವು. ಒಲೆ ಬೇಡ, ನೀರಿದ್ದರೆ ಸಾಕು.

2025ರ ಮೇ 7ರಂದು ದೇಶದ ಹಲವೆಡೆ ಸೈರನ್ ಮೊಳಗಿಸಿ ನಾಗರಿಕ ರಕ್ಷಣೆಯ ಅಣಕು ಪ್ರದರ್ಶನ ನಡೆಯಿತು. ಸೈರನ್ ಕೇಳಿದ ಮೇಲೆ ಅಂಗಡಿಗೆ ಓಡುವುದು ಸಿದ್ಧತೆಯಲ್ಲ. ಸುಗ್ಗಿಯಲ್ಲೇ ಹಗೇವು ತುಂಬುವುದು ಸಿದ್ಧತೆ. ಅದನ್ನು ಹೇಗೆ ತೆರೆಯಬೇಕೆಂದು ಮನೆಮಂದಿಗೆಲ್ಲ ಗೊತ್ತಿರುವುದು ಇನ್ನೂ ದೊಡ್ಡ ಸಿದ್ಧತೆ.

ಕಲಬುರಗಿ, ಕಮಲಾಪುರದ ಮಕ್ಕಳು ಈ ಭಾನುವಾರ ಒಂದು ಕೆಲಸ ಮಾಡಲಿ. ಹಗೇವು ಕಂಡ ಹಿರಿಯರು ಮನೆಯಲ್ಲೋ ಓಣಿಯಲ್ಲೋ ಇದ್ದರೆ, ಅವರ ಹತ್ತಿರ ಕುಳಿತು ಕೇಳಿ ಬರೆದುಕೊಳ್ಳಲಿ. ತಂದೆತಾಯಿಯೂ ಜೊತೆಗೆ ಕೂರಲಿ.