ಗಾಡಿ ಯಾರ ಹೆಸರಿನಲ್ಲಿದೆ?

ಸಹೋದರಿಯರೇ, ಸ್ಕೂಟರು ನಿಮ್ಮ ಹೆಸರಿನಲ್ಲಿದ್ದು ಮಗ ರಾಯಚೂರಿನಲ್ಲಿ ಹೆಲ್ಮೆಟ್ ಇಲ್ಲದೆ ಓಡಿಸಿದ್ದು ಪೊಲೀಸರ ಫೋಟೋದಲ್ಲಿ ಸಿಕ್ಕಿದರೆ, ನೋಟೀಸು ಬರುವುದು ನಿಮಗೇ. ಗಾಬರಿ ಬೇಡ, ಅದನ್ನು ಕಪಾಟಿಗೆ ಸೇರಿಸುವುದೂ ಬೇಡ. ಪರಿವಾಹನ್ ಜಾಲತಾಣದ ಇ-ಚಲನ್ ಪುಟದಲ್ಲಿ ಗಾಡಿ ನಂಬರು, ದಿನ, ಸ್ಥಳ ತಾಳೆ ನೋಡಿ. ತಪ್ಪು ನಿಜವಾದರೆ ದಂಡ ಕಟ್ಟಿ ರಸೀದಿ ಇಟ್ಟುಕೊಳ್ಳಿ. ನಿಜವಲ್ಲದಿದ್ದರೆ ಪೊಲೀಸರಿಗೆ ಲಿಖಿತ ತಕರಾರು ಕೊಡಿ, ಬಗೆಹರಿಯದಿದ್ದರೆ ನ್ಯಾಯಾಲಯವಿದೆ. ದೇವದುರ್ಗ, ಮಾನ್ವಿಗಳಲ್ಲೂ ಮ್ಯಾಜಿಸ್ಟ್ರೇಟರಿದ್ದಾರೆ. 1987ರ ಕಾನೂನಿನಂತೆ ಮಹಿಳೆಯರಿಗೆ ವಕೀಲರ ನೆರವು ಉಚಿತ, ಆದಾಯ ಎಷ್ಟೇ ಇರಲಿ.

ಮಗನಿಗೆ 18 ತುಂಬಿಲ್ಲವೇ? 2019ರ ತಿದ್ದುಪಡಿಯ ಪ್ರಕಾರ ಪಾಲಕರು ಅಥವಾ ಮಾಲಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ. ನಿಮಗೆ ತಿಳಿಯದೆ ಒಯ್ದನೆಂದು ತೋರಿಸುವ ಹೊಣೆಯೂ ನಿಮ್ಮದೇ. ಅವನು ಎಷ್ಟೇ ಹಟ ಮಾಡಲಿ, ಚಾವಿ ನಿಮ್ಮ ಬಳಿಯೇ ಇರಲಿ.