ಓದಿದ್ದಕ್ಕೆ ದುಡ್ಡು ಬೇಡ, ಕೇಳುವ ಕಿವಿ ಬೇಕು

ಪರೀಕ್ಷೆ ಮುಗಿಯಿತು. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಮನೆಯಲ್ಲಿ ಮಕ್ಕಳದ್ದೇ ಕಾರುಬಾರು. ಎರಡನೇ ದಿನಕ್ಕೇ 'ಅಮ್ಮಾ, ಬೋರು' ಎಂಬ ರಾಗ ಶುರು! ಬೇಸಿಗೆ ಶಿಬಿರಕ್ಕೆ ಸೇರಿಸೋಣವೆಂದರೆ ಫೀಸು ಕೇಳಿಯೇ ಎದೆ ಧಸಕ್ಕೆನ್ನುತ್ತದೆ. ಸುಮ್ಮನೆ ಬಿಟ್ಟರೆ ಮೊಬೈಲ್ ಇದ್ದೇ ಇದೆ. ಆಗ ನಮ್ಮಂಥ ಅಮ್ಮಂದಿರಿಗೆ ಹೊಳೆಯುವ ಉಪಾಯ ಒಂದೇ. ಮನೆಯಲ್ಲೇ ಕೂರಿಸಿ ಪುಸ್ತಕ ಓದಿಸೋಣ ಅಂತ.

ಹೋದ ವರ್ಷ ನಾನೂ ಅದನ್ನೇ ಮಾಡಿದೆ. ಫ್ರಿಜ್ಜಿನ ಬಾಗಿಲಿಗೆ ಒಂದು ಚಾರ್ಟ್ ಅಂಟಿಸಿದೆ. ಒಂದು ಪುಸ್ತಕ ಮುಗಿಸಿದರೆ ಒಂದು ನಕ್ಷತ್ರ, ಜೊತೆಗೆ ಐದು ರೂಪಾಯಿ. ಮೊದಲ ವಾರದಲ್ಲೇ ಹನ್ನೊಂದು ವರ್ಷದ ಮಗಳು ಒಂಬತ್ತು ಪುಸ್ತಕ, ಎಂಟು ವರ್ಷದ ಮಗ ಆರು ಪುಸ್ತಕ ಮುಗಿಸಿದರು. ನಾನು ಬೀಗಿದ್ದೇ ಬೀಗಿದ್ದು! ಒಂದು ಸಂಜೆ ಮಗನನ್ನು ಕೂರಿಸಿಕೊಂಡು, 'ಈ ಪುಸ್ತಕದ ಕಥೆ ಹೇಳು ನೋಡೋಣ' ಎಂದೆ. 'ಅದೂ... ಒಂದು ಸಿಂಹ ಇತ್ತು' ಎಂದವನು ಮುಂದೆ ಹೋಗಲೇ ಇಲ್ಲ. ಇಬ್ಬರೂ ತೆಳ್ಳಗಿನ ಪುಸ್ತಕಗಳನ್ನೇ ಆರಿಸಿ, ಚಿತ್ರ ನೋಡಿ ಮಗುಚಿಟ್ಟು ದುಡ್ಡು ಎಣಿಸಿದ್ದರು. ತಪ್ಪು ಅವರದ್ದಲ್ಲ ಬಿಡಿ. ನಾನು ಪುಸ್ತಕ ಎಣಿಸಿದೆ, ಅವರು ದುಡ್ಡು ಎಣಿಸಿದರು.

ನಿಜವಾದ ಪಾಠ ಸಿಕ್ಕಿದ್ದು ಕುಂದಾಪುರದ ಹತ್ತಿರದ ನನ್ನ ತವರು ಗುಲ್ವಾಡಿಯಲ್ಲಿ. ಅಮ್ಮನಿಗೆ ಆಗಷ್ಟೇ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಹೊಸ ಕನ್ನಡಕ ಬರುವವರೆಗೆ ಅಕ್ಷರ ಎಲ್ಲ ಮಂಜು ಮಂಜು. ಪೇಪರನ್ನು ಮೊದಲಿನಿಂದ ಕೊನೆಯವರೆಗೆ ಓದುವ ಅಭ್ಯಾಸದವರು ಚಡಪಡಿಸಿ, 'ಮಾಣಿ, ಇದನ್ನೊಂಚೂರ್ ಓದಿ ಹೇಳ್ ಕಾಂಬ' ಎಂದು ಮೊಮ್ಮಗನ ಕೈಗೆ ಕೊಟ್ಟರು. ಅವನು ತಲೆ ತಗ್ಗಿಸಿ ನಿಂತ. ಅಕ್ಷರ ಗೊತ್ತು, ಆದರೆ ಒತ್ತಕ್ಷರ ಬಂದಲ್ಲೆಲ್ಲ ಗಾಡಿ ನಿಲ್ಲುತ್ತಿತ್ತು. ಕನ್ನಡದಲ್ಲಿ ತೊಂಬತ್ತು ಅಂಕ ತೆಗೆದ ಹುಡುಗ! ಪ್ರಶ್ನೋತ್ತರವನ್ನೆಲ್ಲ ಉರು ಹೊಡೆದು ಬರೆದಿದ್ದನೆಂದು ಆಗ ತಿಳಿಯಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಅಮ್ಮ ಬೈಯಲಿಲ್ಲ. 'ಅವಸರ ಇಲ್ಲ ಮಗಾ, ನಂಗೂ ಬೇರೆ ಕೆಲ್ಸ ಇಲ್ಲ. ದಿನಕ್ಕೊಂದೇ ಸಾಲ್ ಓದ್, ಸಾಕ್' ಎಂದರು. ಮೊದಲ ದಿನ ಒಂದು ತಲೆಬರಹಕ್ಕೆ ಐದು ನಿಮಿಷ ಹಿಡಿಯಿತು. ಮೂರನೇ ದಿನ ಎರಡು ಸಾಲು. ನಕ್ಷತ್ರವಿಲ್ಲ, ಐದು ರೂಪಾಯಿಯೂ ಇಲ್ಲ. ತಾನು ಓದದಿದ್ದರೆ ಅಮ್ಮಮ್ಮನಿಗೆ ಸುದ್ದಿ ಗೊತ್ತಾಗುವುದಿಲ್ಲ ಎಂಬ ಜವಾಬ್ದಾರಿ ಮಾತ್ರ ಇತ್ತು. ನಾವು ಹೊರಡುವ ಹೊತ್ತಿಗೆ ಅಟ್ಟದ ಮೇಲಿದ್ದ ಹಳೆಯ 'ಚಂದಮಾಮ'ದ ಒಂದು ಕಥೆಯನ್ನು, ತಡವರಿಸುತ್ತಲೇ ಆದರೂ, ಪೂರ್ತಿ ಓದಿ ಹೇಳಿದ.

ಇತ್ತ ಮಗಳು ನನ್ನನ್ನೇ ಹಿಡಿದುಕೊಂಡಳು. 'ಅಮ್ಮಾ, ನೀನು ಯಾವ ಪುಸ್ತಕ ಓದ್ತಾ ಇದ್ದೀಯ?' ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮೂರಿನ ಹೆಸರನ್ನು ಸಾಹಿತ್ಯದಲ್ಲಿ ಉಳಿಸಿದವರು ಗುಲ್ವಾಡಿ ವೆಂಕಟರಾಯರು. 1899ರಲ್ಲಿ ಬಂದ ಅವರ 'ಇಂದಿರಾಬಾಯಿ' ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೆಸರಾಗಿದೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಹುಡುಗಿ ಮನೆಯಿಂದ ಪಾರಾಗಿ, ವಿದ್ಯೆ ಕಲಿತು, ಮರುಮದುವೆಯಾಗುವ ಕಥೆ ಅದು. ಬಿ.ಎ. ಪರೀಕ್ಷೆಯಲ್ಲಿ ಅದರ ಬಗ್ಗೆ ಟಿಪ್ಪಣಿ ಬರೆದು ಅಂಕವನ್ನೂ ಗಿಟ್ಟಿಸಿದ್ದೆ. ಕಾದಂಬರಿಯನ್ನು ಮಾತ್ರ ಓದಿರಲಿಲ್ಲ! ಗೈಡಿನಿಂದ ಉರು ಹೊಡೆದಿದ್ದೆ. ಮಗನ ಮೇಲೆ ಬಂದ ಸಿಟ್ಟು ಅಲ್ಲಿಗೆ ಇಳಿಯಿತು. ಆ ಬೇಸಿಗೆಯಲ್ಲೇ 'ಇಂದಿರಾಬಾಯಿ' ಹುಡುಕಿ ತರಿಸಿ ಓದಿದೆ. ಓದು ಕಲಿಯಲು ಹೆಣ್ಣೊಬ್ಬಳು ಅಷ್ಟು ಪಾಡು ಪಟ್ಟ ಕಥೆ ಬಂದು ನೂರಿಪ್ಪತ್ತೈದು ವರ್ಷ ದಾಟಿದೆ. ಪದವಿ ಪಡೆದ ನಾವು ಪುಸ್ತಕ ಮುಟ್ಟಿ ಎಷ್ಟು ವರ್ಷವಾಯಿತು, ನೀವೇ ಲೆಕ್ಕ ಹಾಕಿ.

ಹಾಗಾಗಿ ಈ ವರ್ಷ ನಮ್ಮನೆಯಲ್ಲಿ ಚಾರ್ಟ್ ಇಲ್ಲ. ಬದಲಿಗೆ ಹೀಗೆ ಮಾಡಿಕೊಂಡಿದ್ದೇವೆ. ನಿಮಗೂ ಅನುಕೂಲವಾದೀತು.

ಮಧ್ಯಾಹ್ನ ಊಟದ ನಂತರ ಅರ್ಧ ಗಂಟೆ ಎಲ್ಲರ ಕೈಯಲ್ಲೂ ಪುಸ್ತಕ. ಅಮ್ಮನ ಕೈಯಲ್ಲೂ! ಆ ಹೊತ್ತಿನಲ್ಲಿ ಧಾರಾವಾಹಿಯೂ ಇಲ್ಲ, ಫೋನೂ ಇಲ್ಲ. ಭಾನುವಾರ ಅಪ್ಪನಿಗೂ ವಿನಾಯಿತಿ ಇಲ್ಲ.

ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಓದಲಿ, ಯಾರಾದರೊಬ್ಬರು ಕೇಳಲಿ. ಅಜ್ಜ, ಅಜ್ಜಿ ಇದ್ದರೆ ಬಲು ಒಳ್ಳೆಯದು. ಇಲ್ಲದಿದ್ದರೆ ನೀವು ತರಕಾರಿ ಹೆಚ್ಚುತ್ತಾ ಕೇಳಿಸಿಕೊಳ್ಳಿ. ಪ್ರತಿ ತಪ್ಪಿಗೂ ತಡೆಯಬೇಡಿ.

ಪುಸ್ತಕ ಹಿಡಿಸದಿದ್ದರೆ ಅರ್ಧಕ್ಕೇ ಬಿಡಲಿ. ಸಪ್ಪೆ ಸಾರನ್ನು ನಾವೇ ಪೂರ್ತಿ ಉಣ್ಣುತ್ತೇವೆಯೇ?

ಓದನ್ನು ಅವರ ಆಟದ ಜೊತೆ ಸೇರಿಸಿ. ಊರಲ್ಲಿ ಹಲಸಿನ ಹಪ್ಪಳ ಒಣಗಿಸಿ, ಕಾಗೆ ಓಡಿಸಲು ಮಕ್ಕಳನ್ನು ಕೂರಿಸಿದಾಗ ಕೈಗೊಂದು ಪುಸ್ತಕ ಕೊಟ್ಟಿದ್ದೆ. ರಾತ್ರಿ 'ಅಭಿಮನ್ಯು ಕಾಳಗ'ದ ಆಟಕ್ಕೆ ಹೋಗುವುದಿದ್ದರೆ ಹಗಲೇ ಅಭಿಮನ್ಯುವಿನ ಕಥೆ ಓದಿಸಿ. ಆಮೇಲೆ ಚೌಕಿಯ ಹತ್ತಿರ ಅವರ ಪ್ರಶ್ನೆ ಕೇಳಿ ನೀವೇ ಸುಸ್ತಾಗುತ್ತೀರಿ!

ಖರ್ಚಿನ ಚಿಂತೆ ಬೇಡ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿವೆ. ಈ ಗ್ರಂಥಾಲಯಗಳಿಗೆ ಈಗ 'ಅರಿವು ಕೇಂದ್ರ' ಎಂಬ ಹೆಸರಿದೆ. ಪೇಟೆಯಲ್ಲಿರುವವರು ಹತ್ತಿರದ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯದ ಕರವನ್ನೂ ನಾವೇ ಕಟ್ಟುತ್ತೇವೆ, ಹಾಗಿರುವಾಗ ಹೊಸ್ತಿಲು ತುಳಿಯಲು ಸಂಕೋಚವೇಕೆ? ಮೊಬೈಲ್ ಬಿಡಲೇ ಒಲ್ಲದ ಮಕ್ಕಳಿಗೆ ಪ್ರಥಮ್ ಬುಕ್ಸ್‌ನವರ 'ಸ್ಟೋರಿವೀವರ್' ಇದೆ. ಅಲ್ಲಿ ಸಚಿತ್ರ ಕನ್ನಡ ಕಥೆಗಳು ಉಚಿತ, ಸುಲಭದ್ದರಿಂದ ಕಷ್ಟದ್ದರವರೆಗೆ ಹಂತ ಹಂತವಾಗಿವೆ.

ಇಂಗ್ಲಿಷ್ ಓದಬಾರದೆಂದು ನಾನು ಹೇಳುತ್ತಿಲ್ಲ. ಅದನ್ನು ಶಾಲೆ ನೋಡಿಕೊಳ್ಳುತ್ತದೆ. ಅಜ್ಜಿಗೆ ಪೇಪರ್ ಓದಿ ಹೇಳುವಷ್ಟು ಕನ್ನಡವನ್ನು ಮಾತ್ರ ಮನೆಯೇ ಕೊಡಬೇಕು.

ಅಮ್ಮನ ಹೊಸ ಕನ್ನಡಕ ಬಂದು ತಿಂಗಳುಗಳೇ ಕಳೆದವು. ಈಗ ಸೂಜಿಗೆ ದಾರ ಪೋಣಿಸುವಷ್ಟು ಕಣ್ಣು ಚುರುಕಾಗಿದೆ. ಆದರೂ ಪ್ರತಿ ಭಾನುವಾರ ಫೋನಿನಲ್ಲಿ ಮೊಮ್ಮಗ ಒಂದು ಕಥೆ ಓದಬೇಕು, ಅವರು ಕೇಳಬೇಕು. ಕಣ್ಣು ಸರಿಯಾದ ವಿಷಯವನ್ನು ಅವರು ಅವನಿಗಿನ್ನೂ ಹೇಳಿಲ್ಲ. ನಾನೂ ಹೇಳಿಲ್ಲ. ಏನಂತೀರಿ?