ಸ್ತನ ತಪಾಸಣೆ: ವರದಿಯಲ್ಲಿ ಅಂಕಿ ಇರಲಿ, ಕನ್ನಡದ ಸಾಲೂ ಇರಲಿ

ಗದಗ ಜಿಲ್ಲೆಯ ಡಂಬಳದಂಥ ಊರಿನಲ್ಲಿ ಮಹಿಳೆಯೊಬ್ಬರ ಸ್ತನದಲ್ಲಿ ಗಂಟು ಕಂಡರೆ ಅವರು ಹಲವು ಬಾಗಿಲುಗಳನ್ನು ಹಾಯಬೇಕು. ಮೊದಲು ಆಶಾ ಕಾರ್ಯಕರ್ತೆ, ಆಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಬಳಿಕ ಮುಂಡರಗಿಯಲ್ಲೋ ಗದಗದಲ್ಲೋ ಸ್ಕ್ಯಾನಿಂಗ್. ಮುಂದೆ ಗದಗದ ವೈದ್ಯಕೀಯ ಕಾಲೇಜು ಆಸ್ಪತ್ರೆ ‘ಜಿಮ್ಸ್’, ಅಗತ್ಯ ಬಿದ್ದರೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಇಲ್ಲವೇ ಬೆಂಗಳೂರಿನ ಕಿದ್ವಾಯಿ. ಪ್ರತಿ ಬಾಗಿಲಲ್ಲೂ ವೈದ್ಯರು ಹೊಸಬರು. ಆಕೆಯ ಚೀಲದಲ್ಲಿರುವ ಸ್ಕ್ಯಾನ್ ರಿಪೋರ್ಟ್ ಮಾತ್ರ ಹಳೆಯದು. ಆದ್ದರಿಂದ ಆ ಹಾಳೆಯನ್ನು ಹೇಗೆ ಬರೆಯಬೇಕೆಂಬುದು ರೇಡಿಯಾಲಜಿ ತಜ್ಞರಷ್ಟೇ ಚರ್ಚಿಸಿ ಮುಗಿಸುವ ವಿಷಯವಲ್ಲ.

ಇದಕ್ಕೊಂದು ಪದ್ಧತಿ ಜಗತ್ತಿನಲ್ಲಿ ಬಹಳ ಹಿಂದೆಯೇ ಬಂದಿದೆ. ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ 1993ರಲ್ಲಿ ‘ಬೈರಾಡ್ಸ್’ ಎಂಬ ವರ್ಗೀಕರಣ ತಂದಿತು. ಮೊದಲು ಮ್ಯಾಮೊಗ್ರಫಿಗಷ್ಟೇ ಇದ್ದದ್ದು 2003ರ ಆವೃತ್ತಿಯಲ್ಲಿ ಅಲ್ಟ್ರಾಸೌಂಡ್ ಮತ್ತು ಎಂಆರ್‌ಐಗೂ ಹಬ್ಬಿತು. ಗಂಟಿನ ಆಕಾರ, ಅಂಚು, ಸುಣ್ಣದ ಕಣಗಳನ್ನು ಎಲ್ಲರೂ ಒಂದೇ ಬಗೆಯ ಮಾತಿನಲ್ಲಿ ವಿವರಿಸಿ, ಕೊನೆಗೆ 0ಯಿಂದ 6ರವರೆಗಿನ ಒಂದು ಅಂಕಿ ಕೊಡಬೇಕು. 1 ಮತ್ತು 2 ಎಂದರೆ ಚಿಂತೆಯಿಲ್ಲ. 5 ಎಂದರೆ ಕ್ಯಾನ್ಸರ್ ಇರುವ ಸಾಧ್ಯತೆ ಶೇ 95 ಅಥವಾ ಹೆಚ್ಚು. 6 ಎಂದರೆ ಬಯಾಪ್ಸಿಯಲ್ಲಿ, ಅಂದರೆ ಗಂಟಿನ ತುಣುಕು ತೆಗೆದು ಮಾಡುವ ಪರೀಕ್ಷೆಯಲ್ಲಿ, ಕ್ಯಾನ್ಸರ್ ಈಗಾಗಲೇ ಖಚಿತವಾದದ್ದು. 0 ಎಂದರೆ ರೋಗವಿಲ್ಲ ಎಂದಲ್ಲ, ತೀರ್ಮಾನಕ್ಕೆ ಇನ್ನಷ್ಟು ಚಿತ್ರಗಳೋ ಹಳೆಯ ರಿಪೋರ್ಟೋ ಬೇಕು ಎಂದು.

ಈ ಅಂಕಿಗಳ ನಿಜವಾದ ಬಲ ಇರುವುದು ಮುಂದೇನು ಮಾಡಬೇಕೆಂದು ಅವು ಹೇಳುವುದರಲ್ಲಿ. ಉದ್ದುದ್ದ ವಿವರಣೆ ಬರೆದು ‘ಕ್ಲಿನಿಕಲ್ ಕೋರಿಲೇಷನ್ ಅಗತ್ಯ’ (ರೋಗಿಯನ್ನು ಪರೀಕ್ಷಿಸಿ ತಾಳೆ ನೋಡಿ) ಎಂದು ಮುಗಿಯುವ ರಿಪೋರ್ಟುಗಳು ಈಗಲೂ ಬರುತ್ತವೆ. ಅಂಥ ಹಾಳೆ ನೋಡಿದ ತಾಲ್ಲೂಕು ವೈದ್ಯರು ಕಳಿಸಬೇಕೋ, ಕಾಯಬೇಕೋ ಎಂದು ಊಹಿಸಬೇಕಾಗುತ್ತದೆ. 4 ಎಂದು ಬರೆದಿದ್ದರೆ ಊಹೆಗೆ ಜಾಗವಿಲ್ಲ, ಬಯಾಪ್ಸಿ ಆಗಬೇಕು.

ಆದರೆ ಇದೇ 4 ಮನೆಮಂದಿಯ ಎದೆ ಒಡೆಯುವುದೂ ಉಂಟು. ರಿಪೋರ್ಟಿನ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಬಂಧುಗಳಿಗೆ ಹೋಗುತ್ತದೆ. ಯಾರೋ ಅದನ್ನು ‘ನಾಲ್ಕನೇ ಸ್ಟೇಜ್’ ಎಂದು ಓದುತ್ತಾರೆ. ಅದು ಸ್ಟೇಜ್ ಅಲ್ಲವೇ ಅಲ್ಲ, ಅನುಮಾನದ ಮಟ್ಟವಷ್ಟೇ. 4ರ ಒಳಗೇ ಎ, ಬಿ, ಸಿ ಎಂಬ ಮೂರು ಮೆಟ್ಟಿಲುಗಳಿವೆ. 4ಎ ಎಂದರೆ ಕ್ಯಾನ್ಸರ್ ಸಾಧ್ಯತೆ ಶೇ 2ರಿಂದ 10, ಅಂದರೆ ಹತ್ತರಲ್ಲಿ ಕನಿಷ್ಠ ಒಂಬತ್ತು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ಇದನ್ನು ಕನ್ನಡದಲ್ಲಿ ತಿಳಿಹೇಳುವವರಿಲ್ಲದೆ, ‘ಇನ್ನೇನು ಮಾಡಿಸಿದರೂ ಅಷ್ಟೇ’ ಎಂದು ಆಕೆ ಮನೆಯಲ್ಲೇ ಕೂತರೆ ಆ ನಷ್ಟಕ್ಕೆ ಯಾರು ಹೊಣೆ?

3ರದ್ದು ಇನ್ನೊಂದು ಬಗೆಯ ಕಷ್ಟ. ಬಹುತೇಕ ನಿರಪಾಯಕಾರಿ, ಕ್ಯಾನ್ಸರ್ ಸಾಧ್ಯತೆ ಶೇ 2 ಮೀರದು, ಆರು ತಿಂಗಳ ಬಳಿಕ ಮತ್ತೆ ನೋಡಿ ಎಂದು ಅದರರ್ಥ. ಆಕೆ ಮರಳಿ ಬಂದೇ ಬರುತ್ತಾಳೆ ಎಂಬ ನಂಬಿಕೆಯ ಮೇಲೆ ಈ ವರ್ಗ ನಿಂತಿದೆ. ಮುಂಡರಗಿ ಸೀಮೆಯಲ್ಲಿ ಆರು ತಿಂಗಳೆಂದರೆ ಮುಂಗಾರು ಹೋಗಿ ಹಿಂಗಾರು ಬಂದಿರುತ್ತದೆ. ನೋವಿಲ್ಲದ ಗಂಟಿಗಾಗಿ ಕೂಲಿ ಬಿಟ್ಟು, ಬಸ್ಸು ಹತ್ತಿ ಗದಗಕ್ಕೆ ಹೋಗಲು ಎಷ್ಟು ಮಂದಿಗೆ ಸಾಧ್ಯ? ಬರುವ ಖಾತ್ರಿಯಿಲ್ಲ ಎನಿಸಿದಾಗ ವೈದ್ಯರು ಬಯಾಪ್ಸಿಯನ್ನು ಆಗಲೇ ಮಾಡಿಸುವ ಯೋಚನೆ ಮಾಡಬೇಕು. ಇಲ್ಲವಾದರೆ ಮರಳಿ ಕರೆಯುವ ಹೊಣೆಯನ್ನು ವ್ಯವಸ್ಥೆಯೇ ಹೊರಬೇಕು. ಅದನ್ನು ಆಕೆಯ ನೆನಪಿನ ಮೇಲೆ ಹಾಕುವುದು ಅನ್ಯಾಯ.

ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ 1998ರಲ್ಲಿ ಆರಂಭಿಸಿದ ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಒಳಗೊಂಡ ಅದರ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಕೈಯಿಂದ ಮಾಡಿದ ತಪಾಸಣೆಯಿಂದಲೇ, 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ 30ರಷ್ಟು ತಗ್ಗಿತ್ತು. ಅಲ್ಲಿ ಗಂಟು ಕಂಡವರ ಮುಂದಿನ ಪರೀಕ್ಷೆಗೆ ಗೊತ್ತಾದ ದಾರಿಯಿತ್ತು. ನಮ್ಮಲ್ಲೂ 30 ದಾಟಿದ ಮಹಿಳೆಯರ ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲಿದೆ. ಆದರೆ ತಪಾಸಣೆಯ ಸಂಖ್ಯೆ ಎಣಿಸಿದಷ್ಟು ಆಸ್ಥೆಯಿಂದ, ಗಂಟು ಸಿಕ್ಕವರು ಎಲ್ಲಿಗೆ ತಲುಪಿದರು ಎಂಬುದನ್ನು ಎಣಿಸುತ್ತಿಲ್ಲ.

ಅಂಕಿಯೇ ಸರ್ವಸ್ವ ಎನ್ನುತ್ತಿಲ್ಲ. ಒಂದೇ ಚಿತ್ರಕ್ಕೆ ಇಬ್ಬರು ತಜ್ಞರು 4ಎ, 4ಬಿ ಎಂದು ಬೇರೆ ಬೇರೆ ಅಂಕಿ ಕೊಡಬಹುದು. ಕೈಗೆ ಸಿಗುವ ಅನುಮಾನದ ಗಂಟಿದ್ದು ರಿಪೋರ್ಟಿನಲ್ಲಿ 1 ಎಂದಿದ್ದರೆ, ಗಂಟಿನ ಮಾತೇ ನಡೆಯಬೇಕು.

ಆದರೂ ಪ್ರತಿ ಸ್ತನದ ವರದಿಯಲ್ಲಿ ಈ ಅಂಕಿಯನ್ನು ಕಡ್ಡಾಯ ಮಾಡುವುದು ಆಗದ ಕೆಲಸವೇನಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಇವೇ ಸ್ಕ್ಯಾನಿಂಗ್ ಸೆಂಟರ್‌ಗಳು ಪ್ರತಿ ಗರ್ಭಿಣಿಗೂ ‘ಫಾರ್ಮ್ ಎಫ್’ ತುಂಬುತ್ತವೆ. ಅದೇ ಯಂತ್ರದಲ್ಲಿ ನೋಡುವ ಸ್ತನದ ವರದಿಗೆ ಅಂಥ ಶಿಸ್ತನ್ನು ಯಾವ ಕಾನೂನೂ ಕೇಳಿಲ್ಲ. ರಾಜ್ಯದ ಕೈಯಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಿದೆ, ನೋಂದಣಿಯ ಅಧಿಕಾರವಿದೆ. ಅಮೆರಿಕದಲ್ಲಿ ಮ್ಯಾಮೊಗ್ರಫಿ ಮಾಡಿಸಿಕೊಂಡವರಿಗೆ ಸರಳ ಮಾತಿನ ಸಾರಾಂಶ ಕೊಡುವುದು ಕಾನೂನಿನಂತೆ ಕಡ್ಡಾಯ. ಇಲ್ಲೂ ಅಂಕಿಯ ಕೆಳಗೆ ‘ಇದು ಕ್ಯಾನ್ಸರ್ ಎಂದು ತೀರ್ಮಾನವಾಗಿಲ್ಲ, ಎರಡು ವಾರದೊಳಗೆ ಜಿಲ್ಲಾಸ್ಪತ್ರೆಯಲ್ಲಿ ಬಯಾಪ್ಸಿ ಮಾಡಿಸಿ’ ಎಂಬಂಥ ಕನ್ನಡದ ಸಾಲು ಬರಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ರಿಜಿಸ್ಟರಿನಲ್ಲಿ ಅಂಕಿಗೊಂದು, ಮರುತಪಾಸಣೆಯ ತಾರೀಖಿಗೊಂದು ಕಾಲಂ ಸೇರಲಿ. ಆ ತಾರೀಖು ಹತ್ತಿರವಾದಾಗ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಕರೆಯಲಿ, ಆ ಕೆಲಸಕ್ಕೆ ಅವರಿಗೆ ಪ್ರತ್ಯೇಕ ಪ್ರೋತ್ಸಾಹಧನ ಸಿಗಲಿ.